ಹಳದಿಯಿಂದ ಅಂಕಿಗೆ: ಕಾಮಾಲೆಯನ್ನು ನಾವು ಓದಿಕೊಂಡು ಬಂದ ಬಗೆ

ಮಳೆಗಾಲದ ಮುಂಬಯಿಯಲ್ಲಿ ರಕ್ತಪರೀಕ್ಷೆಯ ವರದಿಯೆಂಬುದು ದಿನಪತ್ರಿಕೆಯಷ್ಟೇ ಸಾಮಾನ್ಯವಾದ ಕಾಗದ. ಗೋರೆಗಾಂವ್ ನಿಲ್ದಾಣದ ಪೂರ್ವಕ್ಕೆ ಇಳಿದರೂ ಪಶ್ಚಿಮಕ್ಕೆ ಇಳಿದರೂ ನಾಲ್ಕು ಹೆಜ್ಜೆಗೊಂದು ಪೆಥಾಲಜಿ ಪ್ರಯೋಗಾಲಯದ ಫಲಕ ಕಾಣಿಸುತ್ತದೆ. ಎರಡು ದಿನ ಜ್ವರ ಬಂದವನು, ವಿಮಾ ಕಂಪನಿಗೆ ಅರ್ಜಿ ಹಾಕಿದವನು, ಪರದೇಶಕ್ಕೆ ಹೊರಟವನು, ಎಲ್ಲರ ಕೈಯಲ್ಲೂ ಕೊನೆಗೆ ಅದೇ ಬಗೆಯ ಕಾಗದ. ಅದರ ನಡುವೆಲ್ಲೋ ‘ಎಸ್.ಜಿ.ಪಿ.ಟಿ.’ ಎಂಬ ನಾಲ್ಕಕ್ಷರದ ಎದುರು ದಪ್ಪ ಮಸಿಯಲ್ಲಿ ಒಂದು ಅಂಕಿ, ಅದರ ಪಕ್ಕದಲ್ಲಿ ಒಂದು ನಕ್ಷತ್ರಚಿಹ್ನೆ. ಮಿತಿ ನಲವತ್ತರ ಆಸುಪಾಸು ಎಂದು ಅಚ್ಚಾಗಿರುತ್ತದೆ. ಬಂದಿರುವುದು ತೊಂಬತ್ತೋ ನೂರಿಪ್ಪತ್ತೋ. ಕಾಗದ ಹಿಡಿದವನು ಮೊದಲು ಮಾಡುವ ಕೆಲಸ, ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಎಳೆದು ನೋಡಿಕೊಳ್ಳುವುದು. ಕಣ್ಣು ಬೆಳ್ಳಗಿದೆ. ಹಾಗಾದರೆ ಕಾಮಾಲೆಯಲ್ಲ. ಕಾಮಾಲೆಯಲ್ಲದಿದ್ದರೆ ಈ ಅಂಕಿ ಏನನ್ನು ಹೇಳುತ್ತಿದೆ?

ಆ ಕನ್ನಡಿಯ ಮುಂದೆ ಎರಡು ಕಾಲಮಾನಗಳು ಎದುರುಬದುರಾಗಿ ನಿಂತಿವೆ. ರೋಗವನ್ನು ಬಣ್ಣದಿಂದ ಗುರುತಿಸಿದ ಸಾವಿರಾರು ವರ್ಷಗಳ ಅಭ್ಯಾಸ ಒಂದು ಕಡೆ. ಬಣ್ಣ ಬರುವ ಮುನ್ನವೇ, ಎಷ್ಟೋ ಸಲ ಬಣ್ಣ ಬಾರದೆಯೇ, ರೋಗವನ್ನು ಅಂಕಿಯಲ್ಲಿ ಹಿಡಿಯುವ ಎಪ್ಪತ್ತು ವರ್ಷಗಳ ವಿದ್ಯೆ ಇನ್ನೊಂದು ಕಡೆ. ಇವೆರಡರ ನಡುವಿನ ದಾರಿಯನ್ನು ಅರಿಯದಿದ್ದರೆ ಅಂಕಿ ನಮ್ಮನ್ನು ವೃಥಾ ಹೆದರಿಸುತ್ತದೆ, ಇಲ್ಲವೇ ವೃಥಾ ಸಮಾಧಾನಪಡಿಸುತ್ತದೆ. ಎರಡೂ ಅಪಾಯಕಾರಿ.

ನಮ್ಮ ನಡುವೆ ಈ ರೋಗಕ್ಕೆ ಹೆಸರುಗಳು ಹಲವು. ಹಳೆಯ ಮೈಸೂರಿನವರಿಗೆ ಅದು ಕಾಮಾಲೆ, ಉತ್ತರ ಕರ್ನಾಟಕದವರಿಗೆ ಕಾಮಣಿ, ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದವರ ಬಾಯಲ್ಲಿ ಅರಸಿನ ಮುಂಡಿಗೆ, ನೆರೆಮನೆಯ ಮರಾಠಿಗರಿಗೆ ಕಾವೀಳ್. ಚರಕಸಂಹಿತೆಯ ಚಿಕಿತ್ಸಾಸ್ಥಾನ ಪಾಂಡುರೋಗದ ಅಧ್ಯಾಯದಲ್ಲಿಯೇ ಕಾಮಲೆಯನ್ನೂ ವಿವರಿಸುತ್ತದೆ. ಕಣ್ಣು, ಚರ್ಮ, ಉಗುರು, ಮುಖಗಳು ಹಳದಿಯಾಗುವುದನ್ನು ಗುರುತಿಸಿ ಅದನ್ನು ಪಿತ್ತದ ಕೋಪಕ್ಕೆ ಜೋಡಿಸುತ್ತದೆ. ಗ್ರೀಕರೂ ಪಿತ್ತವನ್ನೇ ಹಿಡಿದರು. ಪಿತ್ತರಸದ ಬಣ್ಣ ರಕ್ತಕ್ಕೆ ಬೆರೆತಾಗ ಮೈ ಹಳದಿಯಾಗುತ್ತದೆ ಎಂಬಷ್ಟರ ಮಟ್ಟಿಗೆ ಆ ಊಹೆ ಸರಿಯಾಗಿಯೇ ಇತ್ತು. ತಪ್ಪಿದ್ದುದು ಬೇರೆಡೆ: ಬಣ್ಣವೇ ರೋಗವೆಂದು ತಿಳಿದದ್ದರಲ್ಲಿ. ಬಣ್ಣ ಹೋದರೆ ರೋಗವೂ ಹೋಯಿತೆಂಬ ನಂಬಿಕೆ ಅಲ್ಲಿಂದಲೇ ಬಂದದ್ದು. ಅದು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಯುರೋಪಿನ ವೈದ್ಯವೂ ಇದೇ ತಪ್ಪಿನಲ್ಲಿ ಬಹುಕಾಲ ಕಳೆಯಿತು. ಆಧುನಿಕ ರೋಗಶಾಸ್ತ್ರದ ಪಿತಾಮಹನೆನಿಸಿದ ರುಡಾಲ್ಫ್ ವಿರ್ಕೋ 1865ರಲ್ಲಿ ರೋಗಿಯೊಬ್ಬನ ಪಿತ್ತನಾಳದ ತುದಿಯಲ್ಲಿ ಲೋಳೆಯ ಗೆಡ್ಡೆಯನ್ನು ಕಂಡು, ಕಾಮಾಲೆಯೆಂದರೆ ನೆಗಡಿಯಂತೆ ನಾಳ ಕಟ್ಟಿಕೊಳ್ಳುವ ಕಾಯಿಲೆ ಎಂದ. ಅವನ ಮಾತಿನ ಭಾರಕ್ಕೆ ‘ನೆಗಡಿ ಕಾಮಾಲೆ’ ಎಂಬ ಅರ್ಥದ ಹೆಸರು ಎರಡನೆಯ ಮಹಾಯುದ್ಧದವರೆಗೂ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಆದರೆ 1883ರಲ್ಲೇ ಜರ್ಮನಿಯ ಬ್ರೆಮೆನ್ ಬಂದರಿನಿಂದ ಬೇರೆ ಸುಳಿವು ಸಿಕ್ಕಿತ್ತು. ಅಲ್ಲಿ ಹಡಗುಕಟ್ಟೆಯ 1,289 ಕೆಲಸಗಾರರಿಗೆ ಸಿಡುಬಿನ ಲಸಿಕೆ ಹಾಕಲಾಯಿತು. ಆ ಲಸಿಕೆಯನ್ನು ಮನುಷ್ಯರ ಮೈಯಿಂದ ತೆಗೆದ ದ್ರವದಿಂದ ತಯಾರಿಸಲಾಗಿತ್ತು. ಮುಂದಿನ ತಿಂಗಳುಗಳಲ್ಲಿ 191 ಮಂದಿಗೆ ಕಾಮಾಲೆ ಬಂತು. ಅದೇ ಕಟ್ಟೆಯಲ್ಲಿ ಬೇರೆ ಲಸಿಕೆ ಹಾಕಿಸಿಕೊಂಡವರಿಗೆ ಬರಲಿಲ್ಲ. ಲ್ಯೂರ್ಮನ್ ಎಂಬ ವೈದ್ಯ 1885ರಲ್ಲಿ ಇದನ್ನು ಬರೆದಿಟ್ಟ. ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಕಾಮಾಲೆ ದಾಟಬಲ್ಲದೆಂಬುದಕ್ಕೆ ಅದು ಮೊದಲ ದಾಖಲೆಗಳಲ್ಲೊಂದು. ಯಾರೂ ಅದನ್ನು ಹೆಚ್ಚು ಲಕ್ಷಿಸಲಿಲ್ಲ.

ಲಕ್ಷಿಸುವಂತೆ ಮಾಡಿದ್ದು ಯುದ್ಧ. 1942ರಲ್ಲಿ ಅಮೆರಿಕದ ಸೈನಿಕರಿಗೆ ಹಳದಿ ಜ್ವರದ ಲಸಿಕೆ ಕೊಡಲಾಯಿತು. ಲಸಿಕೆ ಕೆಡದಿರಲೆಂದು ಅದಕ್ಕೆ ಮನುಷ್ಯರ ರಕ್ತರಸವನ್ನು ಬೆರೆಸಿದ್ದರು. ಸುಮಾರು 50,000 ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ನೀರು, ಆಹಾರಗಳಿಂದ ಹರಡುವ ಕಾಮಾಲೆ ಒಂದು, ರಕ್ತದಿಂದ ಹರಡುವುದು ಇನ್ನೊಂದು ಎಂಬುದು ಸ್ಪಷ್ಟವಾಗುತ್ತ ಬಂದು, 1947ರಲ್ಲಿ ಬ್ರಿಟನ್ನಿನ ಮೆಕ್ಯಾಲಮ್ ಮೊದಲನೆಯದಕ್ಕೆ ಹೆಪಟೈಟಿಸ್ ‘ಎ’, ಎರಡನೆಯದಕ್ಕೆ ಹೆಪಟೈಟಿಸ್ ‘ಬಿ’ ಎಂಬ ಹೆಸರುಗಳನ್ನು ಸೂಚಿಸಿದ. ಹೆಸರುಗಳು ಬಂದವು, ವೈರಾಣುಗಳನ್ನು ಇನ್ನೂ ಯಾರೂ ಕಂಡಿರಲಿಲ್ಲ.

ಅಂಕಿ ಹುಟ್ಟಿದ ಕಥೆ ಇನ್ನೂ ವಿಚಿತ್ರ. ಅದು ಯಕೃತ್ತಿಗಾಗಿ ಹುಟ್ಟಿದ್ದೇ ಅಲ್ಲ. 1954ರಲ್ಲಿ ನ್ಯೂಯಾರ್ಕಿನಲ್ಲಿ ಲಡ್ಯೂ, ವ್ರೊಬ್ಲೆವ್‌ಸ್ಕಿ ಮತ್ತು ಆರ್ಥರ್ ಕಾರ್ಮೆನ್ ಎಂಬ ಮೂವರು, ಹೃದಯಾಘಾತವಾದವರ ರಕ್ತದಲ್ಲಿ ಟ್ರಾನ್ಸಮಿನೇಸ್ ಎಂಬ ಕಿಣ್ವ ಏರುವುದನ್ನು ಪ್ರಕಟಿಸಿದರು. ಕಿಣ್ವವೆಂಬುದು ಜೀವಕೋಶದೊಳಗಿನ ಕೆಲಸಗಾರ. ಅವನು ಬೀದಿಯಲ್ಲಿ ಕಾಣಿಸಿಕೊಂಡರೆ ಮನೆಯ ಗೋಡೆ ಎಲ್ಲೋ ಬಿರುಕುಬಿಟ್ಟಿದೆ ಎಂದರ್ಥ. ಹೃದಯದ ಗೋಡೆಗಾದರೆ ಹೃದಯದಿಂದ, ಯಕೃತ್ತಿನ ಗೋಡೆಗಾದರೆ ಯಕೃತ್ತಿನಿಂದ. 1955ರ ಹೊತ್ತಿಗೆ ಇಟಲಿಯ ನೇಪಲ್ಸ್‌ನಲ್ಲಿ ಫೆರ್ನಾಂಡೊ ಡಿ ರಿಟಿಸ್ ಮತ್ತು ಸಂಗಡಿಗರು ವೈರಾಣುಜನ್ಯ ಹೆಪಟೈಟಿಸ್ ಇರುವವರಲ್ಲಿ ಈ ಕಿಣ್ವಗಳು ಬಹಳ ಎತ್ತರಕ್ಕೆ ಏರುವುದನ್ನು ತೋರಿಸಿದರು. ಎರಡು ಕಿಣ್ವಗಳ ನಡುವಿನ ಅನುಪಾತಕ್ಕೆ ಇಂದಿಗೂ ಅವರದೇ ಹೆಸರು. 1957ರಲ್ಲಿ ರೈಟ್‌ಮನ್ ಮತ್ತು ಫ್ರಾಂಕೆಲ್ ಎಂಬವರು ದುಬಾರಿ ಯಂತ್ರವಿಲ್ಲದೆ, ಬಣ್ಣ ಬದಲಾಗುವ ರಾಸಾಯನಿಕದಿಂದಲೇ ಇದನ್ನು ಅಳೆಯುವ ವಿಧಾನವನ್ನು ಕೊಟ್ಟರು. ಸಣ್ಣ ಪ್ರಯೋಗಾಲಯಗಳಿಗೂ ಪರೀಕ್ಷೆ ಎಟುಕಿದ್ದು ಆ ವಿಧಾನದಿಂದ. ಮುಂದೆ ವಿಜ್ಞಾನಿಗಳು ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂಬ ಹೆಸರುಗಳನ್ನು ಎ.ಎಸ್.ಟಿ., ಎ.ಎಲ್.ಟಿ. ಎಂದು ಬದಲಿಸಿದರು. ಆದರೆ ಸಿ.ಎಸ್.ಎಂ.ಟಿ. ಆದಮೇಲೂ ಜನರ ಬಾಯಲ್ಲಿ ವಿ.ಟಿ. ಉಳಿದ ಹಾಗೆ ನಮ್ಮ ವರದಿಗಳಲ್ಲಿ ಹಳೆಯ ಹೆಸರುಗಳೇ ಉಳಿದಿವೆ.

ಈ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಇಲ್ಲಿಯೇ ಬಿಡಿಸಿಕೊಳ್ಳುವುದು ಲೇಸು. ಎ.ಎಲ್.ಟಿ. ಬಹುಪಾಲು ಯಕೃತ್ತಿನ ಕೋಶಗಳಲ್ಲಿಯೇ ಇರುವಂಥದ್ದು, ಎ.ಎಸ್.ಟಿ. ಯಕೃತ್ತಿನ ಜೊತೆಗೆ ಹೃದಯ, ಸ್ನಾಯು, ಕೆಂಪು ರಕ್ತಕಣಗಳಲ್ಲೂ ಇರುತ್ತದೆ. ಹೊಸದಾಗಿ ತಗುಲಿದ ಹೆಪಟೈಟಿಸ್‌ನಲ್ಲಿ ಇವು ನೂರಾರು, ಎಷ್ಟೋ ಬಾರಿ ಸಾವಿರಾರು ಘಟಕಗಳಿಗೆ ಏರುತ್ತವೆ. ಮದ್ಯಪಾನದಿಂದ ಯಕೃತ್ತು ಕೆಟ್ಟವರಲ್ಲಿ ಏರಿಕೆ ಅಷ್ಟಿರುವುದಿಲ್ಲ, ಆದರೆ ಎ.ಎಸ್.ಟಿ.ಯು ಎ.ಎಲ್.ಟಿ.ಯ ಎರಡರಷ್ಟಾಗುವುದು ಸಾಮಾನ್ಯ. ಯಕೃತ್ತಿನಲ್ಲಿ ಕೊಬ್ಬು ತುಂಬಿದವರಲ್ಲಿ, ಕೆಲವು ಔಷಧಿಗಳನ್ನು ಸೇವಿಸುವವರಲ್ಲಿ ಅಂಕಿ ಮಿತಿಯ ಸ್ವಲ್ಪ ಮೇಲೆ ಸುಳಿದಾಡುತ್ತದೆ. ಅಂಕಿ ಬಿರುಕನ್ನು ಹೇಳುತ್ತದೆ, ಬಿರುಕು ಬಿಡಿಸಿದವನ ಹೆಸರನ್ನು ಹೇಳುವುದಿಲ್ಲ. ಯಕೃತ್ತಿನಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂಬುದನ್ನೂ ಹೇಳುವುದಿಲ್ಲ. ಬಹುಭಾಗ ಗಟ್ಟಿಗಾಯವಾಗಿಬಿಟ್ಟ ಯಕೃತ್ತಿನಿಂದ ಸೋರಲು ಕಿಣ್ವವೇ ಹೆಚ್ಚು ಉಳಿದಿರುವುದಿಲ್ಲವಾದ್ದರಿಂದ, ಅಲ್ಲಿ ಅಂಕಿ ಸಹಜಕ್ಕೆ ಹತ್ತಿರವಾಗಿಯೂ ಕಾಣಬಹುದು.

ಕಿಣ್ವದ ಪರೀಕ್ಷೆ ಲೋಕಕ್ಕೆ ಬಂದ ಅದೇ 1955ರಲ್ಲಿ ನಮ್ಮ ದೇಶದ ಕಾಮಾಲೆಯ ಇತಿಹಾಸದ ಅತಿ ದೊಡ್ಡ ಅಧ್ಯಾಯವೊಂದು ದೆಹಲಿಯಲ್ಲಿ ತೆರೆಯಿತು. ಪ್ರವಾಹ ಇಳಿದಮೇಲೆ ಯಮುನೆಯ ಪಾತ್ರ ಬದಲಾಗಿ, ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಸ್ಥಳದತ್ತ ಹಿಮ್ಮೆಟ್ಟಿತು. ನವೆಂಬರಿನಲ್ಲಿ ಸುಮಾರು ಒಂದು ವಾರ ಕೊಳಚೆ ಬೆರೆತ ನೀರೇ ಒಳಬಂತು. ನೀರಿನ ಅಧಿಕಾರಿಗಳು ಸುಮ್ಮನಿರಲಿಲ್ಲ. ಆಲಂ ಮತ್ತು ಕ್ಲೋರಿನ್ ಪ್ರಮಾಣವನ್ನು ಏರಿಸಿದರು. ಅದರಿಂದ ವಿಷಮಶೀತ ಜ್ವರ ಹೆಚ್ಚಲಿಲ್ಲ. ಆದರೆ ಡಿಸೆಂಬರಿನಿಂದ ಜನವರಿಯವರೆಗೆ ಸುಮಾರು 29,300 ಮಂದಿಗೆ ಕಾಮಾಲೆ ಬಂತು. ಬ್ಯಾಕ್ಟೀರಿಯವನ್ನು ತಡೆದ ಕ್ಲೋರಿನ್ ವೈರಾಣುವನ್ನು ತಡೆಯಲಿಲ್ಲವೆಂಬುದು ಅಂದಿನ ಪಾಠ. ಈ ಪಿಡುಗನ್ನು ಅಧ್ಯಯನ ಮಾಡಿದ ವಿಶ್ವನಾಥನ್ 1957ರಲ್ಲಿ ಪ್ರಕಟಿಸಿದ ವರದಿ ಸಾರ್ವಜನಿಕ ಆರೋಗ್ಯದ ಒಂದು ಮಾದರಿ ಗ್ರಂಥವಾಯಿತು. ಬಸುರಿಯರಲ್ಲಿ ಸಾವು ಹೆಚ್ಚೆಂಬುದನ್ನೂ ಅದು ದಾಖಲಿಸಿತು.

ನೀರಿನಿಂದ ಬಂದದ್ದಾದ್ದರಿಂದ ಎಲ್ಲರೂ ಅದನ್ನು ಹೆಪಟೈಟಿಸ್ ‘ಎ’ ಎಂದೇ ನಂಬಿದರು. ಆ ನಂಬಿಕೆ ಕಾಲು ಶತಮಾನ ಬಾಳಿತು. ‘ಎ’ ವೈರಾಣು ಸೂಕ್ಷ್ಮದರ್ಶಕದಡಿ ಕಂಡದ್ದು 1973ರಲ್ಲಿ. ಅನಂತರವೇ ಅದನ್ನು ರಕ್ತದಲ್ಲಿ ಗುರುತಿಸುವ ಪರೀಕ್ಷೆ ಸಾಧ್ಯವಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕನ್ನಡಿಗರಿಗೆ ಅಪರಿಚಿತವಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಾಣುವನ್ನು ಬೇರ್ಪಡಿಸಿದ್ದು ಇದೇ ಸಂಸ್ಥೆ, ಅಂದು ವೈರಸ್ ರಿಸರ್ಚ್ ಸೆಂಟರ್ ಎಂಬ ಹೆಸರಿನಲ್ಲಿ. ಆ ಸಂಸ್ಥೆಯ ಖುರ್ಷೀದ್ ಪಾವ್ರಿ, ಶ್ರೀನಿವಾಸನ್ ಮೊದಲಾದವರು ಅಮೆರಿಕದ ವಾಂಗ್ ಮತ್ತು ಪರ್ಸೆಲ್ ಜೊತೆಗೂಡಿ, ಕಾದಿರಿಸಿದ್ದ ದೆಹಲಿಯ ಹಳೆಯ ರಕ್ತರಸವನ್ನು ಮರಳಿ ಪರೀಕ್ಷಿಸಿದರು. 1980ರಲ್ಲಿ ಫಲಿತಾಂಶ ಪ್ರಕಟವಾಯಿತು: ಅದು ‘ಎ’ ಅಲ್ಲ, ‘ಬಿ’ಯೂ ಅಲ್ಲ. ಕಾಶ್ಮೀರದಲ್ಲಿ 1978ರ ಪಿಡುಗನ್ನು ಅಧ್ಯಯನ ಮಾಡಿದ ಮೊಹಮ್ಮದ್ ಸುಲ್ತಾನ್ ಖುರೂ ಅವರೂ ಅದೇ ವರ್ಷ ಅದೇ ತೀರ್ಮಾನಕ್ಕೆ ಬಂದಿದ್ದರು. 1983ರಲ್ಲಿ ರಷ್ಯದ ಮಿಖಾಯಿಲ್ ಬಲಯಾನ್ ರೋಗಿಗಳ ಮಲದಿಂದ ತೆಗೆದ ದ್ರವವನ್ನು ತಾನೇ ಕುಡಿದು, ಕಾಯಿಲೆ ಬರಿಸಿಕೊಂಡು, ತನ್ನ ಮಲದಲ್ಲಿ ವೈರಾಣುವನ್ನು ಕಂಡ. ಅದೇ ಇಂದಿನ ಹೆಪಟೈಟಿಸ್ ‘ಇ’. ಹೆಚ್ಚಿನವರಲ್ಲಿ ಅದು ತಾನಾಗಿ ಇಳಿಯುತ್ತದೆ. ಆದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಬಂದರೆ ಐವರಲ್ಲಿ ಒಬ್ಬರವರೆಗೆ ಬಲಿ ತೆಗೆದುಕೊಳ್ಳಬಲ್ಲದು. ವಿಶ್ವನಾಥನ್ ದಾಖಲಿಸಿದ ಆ ಸಾವುಗಳಿಗೆ ಹೆಸರು ಸಿಕ್ಕಿದ್ದು ಹೀಗೆ, ಇಷ್ಟು ತಡವಾಗಿ.

ದೆಹಲಿಯ ಆ ಕಥೆಯನ್ನು ಗೋರೆಗಾಂವ್‌ನಲ್ಲಿ ಕುಳಿತು ಓದುವುದಕ್ಕೆ ಬೇರೆಯೇ ಅರ್ಥವಿದೆ. ಮುಂಬಯಿಗೆ ಕೊಳವೆಯ ನೀರು ಮೊದಲು ಬಂದದ್ದು 1860ರಲ್ಲಿ ವಿಹಾರ್ ಸರೋವರದಿಂದ. 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ. ವಿಹಾರ್ ಮತ್ತು ತುಳಸಿ ಎರಡೂ ಗೋರೆಗಾಂವ್‌ನ ಪೂರ್ವದ ಗುಡ್ಡಗಳ ಮಗ್ಗುಲಲ್ಲೇ ಇವೆ. ಅದೇ ಸೀಮೆಯ ಆರೇ ಕಾಲೊನಿಯಲ್ಲಿ ಹುಟ್ಟುವ ಓಶಿವರಾ ನದಿ ಗೋರೆಗಾಂವ್‌ನ ಕೈಗಾರಿಕೆಗಳ, ಚಾಳುಗಳ, ಝೋಪಡಪಟ್ಟಿಗಳ ನಡುವೆ ಹರಿದು ಮಲಾಡ್ ಖಾರಿಯನ್ನು ಸೇರುವ ಹೊತ್ತಿಗೆ ಗಟಾರವಾಗಿರುತ್ತದೆ. ಒಂದೇ ಬೆಟ್ಟದ ಬುಡದಲ್ಲಿ ಕುಡಿಯುವ ನೀರೂ ಕೊಳಚೆಯೂ ಹುಟ್ಟುವ ಊರು ಇದು. ಸರೋವರದಿಂದ ಶುದ್ಧವಾಗಿ ಹೊರಟ ನೀರು ಮನೆಯ ನಲ್ಲಿಗೆ ತಲುಪುವ ಮುನ್ನ ಹಳೆಯ ಕೊಳವೆಯ ಒಡಕಿನಲ್ಲಿ ಗಟಾರದ ಪಕ್ಕದಿಂದ ಹಾದರೆ ಸಾಕು, ದೆಹಲಿ ಸಣ್ಣ ಪ್ರಮಾಣದಲ್ಲಿ ಮರುಕಳಿಸುತ್ತದೆ. ದಿನದಲ್ಲಿ ಕೆಲವೇ ಗಂಟೆ ನೀರು ಬಿಡುವ ಪದ್ಧತಿಯಲ್ಲಿ, ಖಾಲಿಯಿರುವ ಕೊಳವೆ ಒಡಕಿನಿಂದ ಹೊರಗಿನದನ್ನು ಒಳಗೆಳೆದುಕೊಳ್ಳುತ್ತದೆ. ಮಳೆಗಾಲದ ಕಾಮಾಲೆಯ ಮೂಲ ಇರುವುದು ಇಲ್ಲಿ.

ಹೋಟೆಲು ಕೆಲಸಕ್ಕೆಂದು ಕರಾವಳಿಯಿಂದ ಬಂದು, ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತ ತಲೆಮಾರುಗಳಿಗೆ ಈ ಕಾಮಾಲೆ ಚಿರಪರಿಚಿತ. ಕಣ್ಣು ಹಳದಿಯಾದ ಹುಡುಗನಿಗೆ ಊರಿನ ದಾರಿ ತೋರಿಸುವುದು ವಾಡಿಕೆ. ಊರಿನಲ್ಲಿ ಕಿರುನೆಲ್ಲಿಯನ್ನು ಅರೆದು ಹಾಲಿಗೋ ಮಜ್ಜಿಗೆಗೋ ಕದಡಿ ಕೊಡುವರು, ಎಣ್ಣೆ, ಖಾರ ನಿಷಿದ್ಧ, ಗಂಜಿಯೇ ಪಥ್ಯ. ಮೂರು ವಾರಕ್ಕೆ ಕಣ್ಣು ತಿಳಿಯಾಗಿ ಹುಡುಗ ಮರಳುವನು, ಮದ್ದಿನ ಕೀರ್ತಿ ಇನ್ನೊಂದು ಊರಿಗೆ ಹಬ್ಬುವುದು. ಈ ಕೀರ್ತಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ, ಆದರೆ ಅದರ ಲೆಕ್ಕವನ್ನು ತಿಳಿಯಬೇಕು. ‘ಎ’ ಮತ್ತು ‘ಇ’ ಬಹುಪಾಲು ಜನರಲ್ಲಿ ವಿಶ್ರಾಂತಿಯಿಂದಲೇ ಇಳಿಯುವ ರೋಗಗಳು. ಮದ್ದು ಕುಡಿದವನೂ ಗುಣವಾಗುವನು, ಕುಡಿಯದವನೂ ಗುಣವಾಗುವನು. ಆದರೆ ಕಣ್ಣಿನ ಹಳದಿ ‘ಎ’ಗೂ ‘ಬಿ’ಗೂ ಒಂದೇ. ‘ಬಿ’ ಬಂದವನ ಹಳದಿಯೂ ಇಳಿಯುತ್ತದೆ. ವೈರಾಣು ಕೆಲವರಲ್ಲಿ ಉಳಿಯುತ್ತದೆ. ಬಣ್ಣವನ್ನು ನಂಬಿದವರಿಗೆ ಈ ಉಳಿಕೆ ಕಾಣಿಸಲೇ ಇಲ್ಲ.

ಆ ಉಳಿಕೆಯನ್ನು ಕಂಡವನು ಕಾಮಾಲೆಯನ್ನು ಹುಡುಕುತ್ತಿದ್ದವನೇ ಅಲ್ಲ. ಬರೂಕ್ ಬ್ಲಂಬರ್ಗ್ ಎಂಬ ಅಮೆರಿಕದ ವೈದ್ಯ ಬೇರೆ ಬೇರೆ ಜನಾಂಗಗಳ ರಕ್ತದ ಪ್ರೋಟೀನುಗಳಲ್ಲಿರುವ ವ್ಯತ್ಯಾಸಗಳನ್ನು ಸಂಗ್ರಹಿಸುತ್ತಿದ್ದ. ಮೇಲಿಂದ ಮೇಲೆ ರಕ್ತ ಪಡೆದಿದ್ದ ನ್ಯೂಯಾರ್ಕಿನ ಹಿಮೋಫಿಲಿಯಾ ರೋಗಿಯೊಬ್ಬನ ರಕ್ತರಸ, ಆಸ್ಟ್ರೇಲಿಯದ ಆದಿವಾಸಿಯೊಬ್ಬನ ರಕ್ತರಸದ ಜೊತೆ ಬೆರೆತಾಗ ಗೆರೆಯೊಂದು ಮೂಡಿತು. 1965ರಲ್ಲಿ ಅದನ್ನು ‘ಆಸ್ಟ್ರೇಲಿಯಾ ಪ್ರತಿಜನಕ’ ಎಂದು ಪ್ರಕಟಿಸಿದರು. ಅದು ಹೆಪಟೈಟಿಸ್ ‘ಬಿ’ ವೈರಾಣುವಿನ ಹೊರಕವಚವೆಂಬುದು ಮುಂದಿನ ಕೆಲವೇ ವರ್ಷಗಳಲ್ಲಿ ತಿಳಿಯಿತು. ಇಂದು ವರದಿಯಲ್ಲಿ ‘ಎಚ್.ಬಿ.ಎಸ್.ಎ.ಜಿ.’ ಎಂದು ಬರುವುದು ಇದೇ. 1972ರಲ್ಲಿ ಅಮೆರಿಕ ರಕ್ತದಾನಿಗಳಿಗೆ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. 1976ರಲ್ಲಿ ಬ್ಲಂಬರ್ಗ್‌ಗೆ ನೊಬೆಲ್ ಬಂತು. ಅವನ ಜನ್ಮದಿನವಾದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

ವಿದ್ಯೆ ಹುಟ್ಟುವುದಕ್ಕೂ ಅದು ಎಲ್ಲ ಬಾಟಲಿಗಳ ಮೇಲೆ ಚೀಟಿಯಾಗಿ ಅಂಟುವುದಕ್ಕೂ ನಡುವಿನ ಅಂತರ ಎಷ್ಟೆಂಬುದನ್ನು ಬೆಂಗಳೂರು ಮತ್ತು ಮುಂಬಯಿಗಳೆರಡನ್ನೂ ಸೇರಿಸುವ ಘಟನೆಯೊಂದು ತೋರಿಸಿತು. 1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯ ಚಿತ್ರಿಸುವಾಗ ಅಮಿತಾಭ್ ಬಚ್ಚನ್ ಅವರ ಹೊಟ್ಟೆಗೆ ಮಾರಕವಾದ ಪೆಟ್ಟು ಬಿತ್ತು. ಅವರನ್ನು ಮುಂಬಯಿಗೆ ತರಲಾಯಿತು. ದೇಶವೆಲ್ಲ ಹರಕೆ ಹೊತ್ತಿತು. ಸುಮಾರು 200 ದಾನಿಗಳ 60 ಬಾಟಲಿ ರಕ್ತ ತಮ್ಮ ಮೈಗೆ ಹರಿಯಿತೆಂದೂ, ಅದರಲ್ಲೊಬ್ಬ ದಾನಿಯಿಂದ ಹೆಪಟೈಟಿಸ್ ‘ಬಿ’ ಸೇರಿತೆಂದೂ, ಅದು ತಿಳಿದದ್ದು ಸುಮಾರು ಹದಿನೆಂಟು ವರ್ಷಗಳ ಮೇಲೆ ಸಾಮಾನ್ಯ ತಪಾಸಣೆಯೊಂದರಲ್ಲಿ ಎಂದೂ, ಅಷ್ಟರಲ್ಲಿ ಯಕೃತ್ತಿನ ಮುಕ್ಕಾಲು ಪಾಲು ನಷ್ಟವಾಗಿತ್ತೆಂದೂ ಅವರೇ ಸಾರ್ವಜನಿಕವಾಗಿ ಹೇಳಿದ್ದಾರೆ. 2000ವೆಂದರೆ ಗೋರೆಗಾಂವ್‌ನ ಚಿತ್ರನಗರಿಯಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾದ ವರ್ಷ. ದೇಶ ಪ್ರತಿ ರಾತ್ರಿ ಕಣ್ತುಂಬ ನೋಡುತ್ತಿದ್ದ ಆ ಮೈಯೊಳಗೆ ಹದಿನೆಂಟು ವರ್ಷಗಳ ಕಾಯಿಲೆ ಸದ್ದಿಲ್ಲದೆ ಕುಳಿತಿತ್ತು. ಕಣ್ಣು ಹಳದಿಯಾಗಿರಲಿಲ್ಲ.

ಈ ಘಟನೆಯಲ್ಲಿ ಇತಿಹಾಸದ ವಿದ್ಯಾರ್ಥಿಗೆ ಕಾಣುವುದು ಎರಡು ಸಂಗತಿಗಳು. ಪ್ರತಿಜನಕ ತಿಳಿದು ಹದಿನೇಳು ವರ್ಷ, ಅಮೆರಿಕದಲ್ಲಿ ಕಡ್ಡಾಯವಾಗಿ ಹತ್ತು ವರ್ಷ ಕಳೆದಿದ್ದರೂ ನಮ್ಮಲ್ಲಿ ಪ್ರತಿ ಬಾಟಲಿಯನ್ನೂ ಪರೀಕ್ಷಿಸುವ ವ್ಯವಸ್ಥೆ ಇನ್ನೂ ನೆಲೆಯೂರಿರಲಿಲ್ಲ. ಪ್ರೀತಿಯಿಂದ ಕೊಟ್ಟ ರಕ್ತವೂ ರೋಗವನ್ನು ಒಯ್ಯಬಲ್ಲದಾಗಿತ್ತು. ಕೊಟ್ಟವನಿಗೂ ತನ್ನಲ್ಲಿ ಅದಿದೆಯೆಂದು ಗೊತ್ತಿರಲು ಕಾರಣವಿರಲಿಲ್ಲ. ಎರಡನೆಯದು ರೋಗದ ಸ್ವಭಾವ. ವಯಸ್ಕರಿಗೆ ‘ಬಿ’ ತಗುಲಿದರೆ ನೂರರಲ್ಲಿ ಸುಮಾರು ತೊಂಬತ್ತೈದು ಮಂದಿಯ ದೇಹ ಅದನ್ನು ಹೊರದೂಡುತ್ತದೆ. ಹೆರಿಗೆಯಲ್ಲಿ ತಾಯಿಯಿಂದ ಶಿಶುವಿಗೆ ದಾಟಿದರೆ ಲೆಕ್ಕ ತಲೆಕೆಳಗು: ನೂರರಲ್ಲಿ ತೊಂಬತ್ತರಷ್ಟು ಮಕ್ಕಳಲ್ಲಿ ಅದು ಜೀವಮಾನದ ಸಂಗಾತಿಯಾಗುತ್ತದೆ. ಹಾಗೆ ಉಳಿದವರಲ್ಲಿ ಕಿಣ್ವದ ಅಂಕಿ ವರ್ಷಗಟ್ಟಲೆ ಸಹಜವಾಗಿಯೇ ಇರಬಹುದು. ಆದ್ದರಿಂದಲೇ ಹುಟ್ಟಿದ ಕೂಡಲೇ ಕೊಡುವ ಲಸಿಕೆಗೆ ಅಷ್ಟು ಮಹತ್ವ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಲಸಿಕೆಯನ್ನು ತಂದು ಆಮದು ಲಸಿಕೆಯ ಬೆಲೆಯನ್ನು ಮುರಿಯಿತು. 2011ರ ಹೊತ್ತಿಗೆ ಅದು ದೇಶದ ಎಲ್ಲ ಮಕ್ಕಳ ಲಸಿಕೆ ಪಟ್ಟಿಗೆ ಸೇರಿತು.

ರಕ್ತದ ಕಥೆ ಅಲ್ಲಿಗೆ ಮುಗಿಯಲಿಲ್ಲ. ‘ಎ’ಯೂ ಅಲ್ಲದ ‘ಬಿ’ಯೂ ಅಲ್ಲದ ಇನ್ನೊಂದು ವೈರಾಣು ರಕ್ತದಲ್ಲೇ ಅಡಗಿತ್ತು, 1989ರಲ್ಲಿ ಅದನ್ನು ‘ಸಿ’ ಎಂದು ಗುರುತಿಸಲಾಯಿತು. ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಮೂವರಿಗೆ 2020ರಲ್ಲಿ ಅದಕ್ಕಾಗಿ ನೊಬೆಲ್ ಬಂತು. ನಮ್ಮಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ‘ಕಾಮನ್ ಕಾಸ್’ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಮಾರುವುದು ನಿಂತಿತು. ಆ ಮುನ್ನ ರಕ್ತ ಪಡೆದವರು, ಒಂದೇ ಸೂಜಿಯನ್ನು ಕುದಿಸಿ ಕುದಿಸಿ ಹಲವರಿಗೆ ಚುಚ್ಚುತ್ತಿದ್ದ ಕಾಲದ ಚುಚ್ಚುಮದ್ದು ಪಡೆದವರು ನಮ್ಮ ನಡುವೆ ಇಂದು ಅರವತ್ತು, ಎಪ್ಪತ್ತರ ವಯಸ್ಸಿನಲ್ಲಿದ್ದಾರೆ. ಅವರ ವರದಿಯಲ್ಲಿ ಸ್ವಲ್ಪವೇ ಏರಿದ ಅಂಕಿಯನ್ನು ‘ವಯಸ್ಸಾಯಿತು’ ಎಂದು ಬದಿಗಿಡುವುದು ಇತಿಹಾಸವನ್ನು ಮರೆತಂತೆ. ‘ಸಿ’ಗೆ ಇಂದು ಸುಮಾರು ಮೂರು ತಿಂಗಳ ಮಾತ್ರೆಯಿಂದ ಪೂರ್ಣ ಗುಣವಿದೆ ಎಂಬುದನ್ನು ನೆನೆದರೆ ಆ ಮರೆವು ಇನ್ನೂ ನೋಯಿಸುತ್ತದೆ.

ಮುಂಬಯಿ ಕನ್ನಡಿಗರ ಪಾಲಿಗೆ ಈ ವಿದ್ಯೆ ಬಂದದ್ದು ಬಹುಮಟ್ಟಿಗೆ ಆಸ್ಪತ್ರೆಯ ಬಾಗಿಲಿನಿಂದಲ್ಲ, ಪಾಸ್‌ಪೋರ್ಟಿನ ಬಾಗಿಲಿನಿಂದ. ಕೊಲ್ಲಿ ದೇಶಗಳಿಗೆ ಹೊರಟವರ ವೈದ್ಯಕೀಯ ತಪಾಸಣೆಯಲ್ಲಿ ‘ಬಿ’ ಅಥವಾ ‘ಸಿ’ ಕಂಡರೆ ಅನರ್ಹವೆಂಬ ಮುದ್ರೆ. ಸಾಲ ಮಾಡಿ, ಹೊಲ ಅಡವಿಟ್ಟು ಮುಂಬಯಿಗೆ ಬಂದ ಗಟ್ಟಿಮುಟ್ಟಾದ ಯುವಕ ಒಂದು ಮಧ್ಯಾಹ್ನ ತಾನು ರೋಗಿಯೆಂದು ತಿಳಿಯುತ್ತಾನೆ. ಅವನಿಗೆ ನೋವಿಲ್ಲ, ಹಳದಿಯಿಲ್ಲ, ಎಷ್ಟೋ ಸಲ ಕಿಣ್ವದ ಏರಿಕೆಯೂ ಇಲ್ಲ. ಊರಿಗೆ ಏನೆಂದು ಹೇಳುವುದು? ಹೇಳಿದರೆ ಮನೆಯಲ್ಲಿ ಅವನ ತಟ್ಟೆ, ಲೋಟ ಬೇರೆಯಾಗುತ್ತವೆ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಹೋಗುತ್ತದೆ. ಮದುವೆಯ ಮಾತು ಮುರಿಯುತ್ತದೆ. ‘ಕಾಮಾಲೆ’ ಎಂಬ ಒಂದೇ ಪದ ಐದು ವೈರಾಣುಗಳನ್ನು ಹೊತ್ತುಕೊಂಡದ್ದರ ಫಲ ಇದು. ಆಹಾರ, ನೀರಿನಿಂದ ದಾಟುವವು ‘ಎ’ ಮತ್ತು ‘ಇ’. ‘ಬಿ’, ‘ಸಿ’, ಮತ್ತು ‘ಬಿ’ಯ ಬೆನ್ನೇರಿಯೇ ಬರುವ ‘ಡಿ’ ದಾಟುವುದು ರಕ್ತದಿಂದ, ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಅವನು ಬಡಿಸಿದ ಇಡ್ಲಿ ತಿನ್ನುವುದರಿಂದ ‘ಬಿ’ ಬರುವುದಿಲ್ಲ. ಪದ ಒಂದೇ ಆದ್ದರಿಂದ ಶಿಕ್ಷೆಯೂ ಒಂದೇ ಆಯಿತು. ಅದು ಬಿದ್ದದ್ದು ತಪ್ಪು ತಲೆಯ ಮೇಲೆ.

ಕಿರುನೆಲ್ಲಿಗೂ ಇದೇ ಇತಿಹಾಸದಲ್ಲಿ ಒಂದು ಪುಟವಿದೆ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು, ಬ್ಲಂಬರ್ಗ್‌ನನ್ನೂ ಸಹಲೇಖಕನನ್ನಾಗಿ ಹೊಂದಿ, ಆ ಗಿಡದ ಪುಡಿ ಪಡೆದ 37 ವಾಹಕರಲ್ಲಿ 22 ಮಂದಿಯ ರಕ್ತದಿಂದ ಪ್ರತಿಜನಕ ಮರೆಯಾಯಿತೆಂದೂ ಪುಡಿ ಪಡೆಯದ 23ರಲ್ಲಿ ಒಬ್ಬನಲ್ಲಿ ಮಾತ್ರ ಹಾಗಾಯಿತೆಂದೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಜ್ಜಿಮದ್ದಿಗೆ ನೊಬೆಲ್ ವಿಜ್ಞಾನಿಯ ಸಹಿ ಬಿದ್ದಂತಾಯಿತು. ಆದರೆ ಬೇರೆ ಕಡೆಗಳಲ್ಲಿ ನಡೆದ ನಂತರದ ಪ್ರಯೋಗಗಳಲ್ಲಿ ಅಂಥ ಫಲ ಮರುಕಳಿಸಲಿಲ್ಲ. ಪರಂಪರೆಯನ್ನು ಪರೀಕ್ಷೆಗೊಡ್ಡಿದ್ದು ಆ ವಿಜ್ಞಾನಿಗಳು ಅದಕ್ಕೆ ತೋರಿದ ಗೌರವ. ಪರೀಕ್ಷೆಯ ಕೊನೆಯ ಫಲವನ್ನು ಒಪ್ಪಿಕೊಳ್ಳುವುದು ನಾವು ತೋರಬೇಕಾದ ಪ್ರಾಮಾಣಿಕತೆ.

ಅಂಕಿಯೊಂದನ್ನೇ ನಂಬಿದರೂ ಮೋಸವಿದೆ ಎಂಬುದಕ್ಕೆ 2005ರ ಜುಲೈ 26 ಸಾಕ್ಷಿ. ಅಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಉಪನಗರಗಳು ಎದೆಮಟ್ಟದ ನೀರಿನಲ್ಲಿ ನಿಂತವು. ಅದರ ಬೆನ್ನಿಗೇ ಇಲಿಗಳ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯದ ಜ್ವರ ಹಬ್ಬಿತು. ಅದು ಉಲ್ಬಣಿಸಿದಾಗ ಕಣ್ಣು ದಟ್ಟ ಹಳದಿಯಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಆದರೆ ಕಿಣ್ವದ ಅಂಕಿ ಹೆಪಟೈಟಿಸ್‌ನಲ್ಲಿರುವಂತೆ ಸಾವಿರಕ್ಕೆ ಏರುವುದಿಲ್ಲ. ಬಣ್ಣ ಗಾಢ, ಅಂಕಿ ಅಲ್ಪ. ‘ಬಿ’ಯ ವಾಹಕನಲ್ಲಿ ಬಣ್ಣವೂ ಇಲ್ಲ, ಅಂಕಿಯೂ ಇಲ್ಲದಿರಬಹುದು. ಕೊಬ್ಬಿನ ಯಕೃತ್ತಿನಲ್ಲಿ ಬಣ್ಣವಿಲ್ಲ, ಅಂಕಿ ಮಾತ್ರ ಉಂಟು. ಬಣ್ಣ, ಅಂಕಿ, ವೈರಾಣುವಿನ ಹೆಸರು ಈ ಮೂರನ್ನೂ ಕೂಡಿಸಿ ಓದಬೇಕು. ಜೊತೆಗೆ ರೋಗಿ ಎಲ್ಲಿ ನಡೆದ, ಏನು ಕುಡಿದ, ಯಾವ ಮಾತ್ರೆ ನುಂಗಿದ, ಯಾವ ವರ್ಷದಲ್ಲಿ ರಕ್ತ ಪಡೆದ ಎಂಬ ಅವನ ಸ್ವಂತ ಇತಿಹಾಸವನ್ನೂ. ಹಳೆಯ ವೈದ್ಯರು ನಾಡಿ ಹಿಡಿದು ಕೇಳುತ್ತಿದ್ದ ಪ್ರಶ್ನೆಗಳು ಹೊಸ ಯಂತ್ರದ ಮುಂದೆಯೂ ಹಳತಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ, 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನ ಹೆಪಟೈಟಿಸ್ ‘ಬಿ’ಯೊಂದಿಗೂ 55 ಲಕ್ಷ ಜನ ‘ಸಿ’ಯೊಂದಿಗೂ ಬದುಕುತ್ತಿದ್ದರು. ಹೆಚ್ಚಿನವರಿಗೆ ಅದರ ಅರಿವೇ ಇಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಾಣು ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತವಾಗಿ ದೊರೆಯುತ್ತವೆ. ‘ಬಿ’ಯನ್ನು ಬೇರುಸಹಿತ ಕೀಳುವ ಔಷಧಿ ಇನ್ನೂ ಬಂದಿಲ್ಲವಾದರೂ ಅದನ್ನು ಅಡಗಿಸಿಟ್ಟು ಯಕೃತ್ತನ್ನು ಕಾಯುವ ಮಾತ್ರೆಗಳಿವೆ. ತಮ್ಮ ಕಥೆಯನ್ನು ಮುಚ್ಚಿಡದ ಬಚ್ಚನ್, 2017ರಲ್ಲಿ ಆಗ್ನೇಯ ಏಷ್ಯದ ಹೆಪಟೈಟಿಸ್ ಜಾಗೃತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸದ್ಭಾವನಾ ರಾಯಭಾರಿಯಾದರು. ಕೊಲ್ಲಿಯ ತಪಾಸಣೆಯಲ್ಲಿ ತಡೆಹಿಡಿಯಲ್ಪಟ್ಟು ಊರಿಗೂ ಹೇಳಲಾರದೆ ಇದೇ ನಗರದಲ್ಲಿ ಉಳಿದ ಯುವಕನಿಗೆ ಆ ಮುಚ್ಚಿಡದ ಮಾತು ಔಷಧಿಯಷ್ಟೇ ಬೇಕಾದದ್ದು.

ಆದ್ದರಿಂದ ಕೈಯಲ್ಲಿ ವರದಿ ಹಿಡಿದು ಕನ್ನಡಿಯ ಮುಂದೆ ನಿಂತವನು ಮಾಡಬೇಕಾದುದು ಇಷ್ಟೇ. ಕಣ್ಣು ಬೆಳ್ಳಗಿದೆ ಎಂದು ಕಾಗದವನ್ನು ಮಡಿಚಿಡಬಾರದು. ಅಂಕಿ ಏರಿದೆ ಎಂದು ಯಕೃತ್ತೇ ಹೋಯಿತೆಂದು ಕಂಗೆಡಲೂಬಾರದು. ವೈದ್ಯರ ಬಳಿಗೆ ಹೋಗಿ, ‘ಬಿ’ ಮತ್ತು ‘ಸಿ’ಯ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು. ಆಗಿಲ್ಲವೆಂದರೆ ಮಾಡಿಸಿಕೊಳ್ಳಬೇಕು, ಮನೆಯವರಿಗೂ ಮಾಡಿಸಬೇಕು. ಉಳಿದದ್ದನ್ನು ಓದಲು ಆ ಕಾಗದಕ್ಕೆ ನೂರೈವತ್ತು ವರ್ಷಗಳ ನೆರವಿದೆ.